ಮೂರು ದೇಶದ ಮ್ಯಾರಥಾನ್‌ಗೆ ಮೂರು ವೀಸಾ ಬೇಕಂತೆ, ನಿಜವೇ?

ಲಾಲ್‌ಬಾಗ್_ನಿಧಾನಿ
ಎಲ್ಲರಿಗೂ ನಮಸ್ಕಾರ. ಬನಶಂಕರಿಯವನು, ವಯಸ್ಸು 46. ಐದು ವರ್ಷದಿಂದ ಓಡುತ್ತಿದ್ದೇನೆ. ನೋಡಿದವರು ನಡೆಯುತ್ತಿದ್ದಾನೆ ಎನ್ನುತ್ತಾರೆ, ಅದು ಬೇರೆ ವಿಷಯ. ನಾಲ್ಕು ಹಾಫ್ (21 ಕಿಲೋಮೀಟರ್) ಆಗಿದೆ, ಒಂದೇ ಒಂದು ಫುಲ್ (42 ಕಿಲೋಮೀಟರ್), 5 ಗಂಟೆ 10 ನಿಮಿಷ.

ಅಕ್ಕನ ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಅಕ್ಟೋಬರ್‌ನಲ್ಲಿ ಹೋಗುವ ಯೋಚನೆ ಇದೆ. ಅವಳೇ ಹೇಳಿದ್ದು, ಬೋಡನ್‌ಸೀ ಸರೋವರದ ದಂಡೆಯಲ್ಲಿ ಮೂರು ದೇಶದ ಮ್ಯಾರಥಾನ್ ನಡೆಯುತ್ತದೆ ಅಂತ. ಜರ್ಮನಿಯ ಲಿಂಡೌನಲ್ಲಿ ಶುರು, ಆಸ್ಟ್ರಿಯಾ ದಾಟಿ ಸ್ವಿಟ್ಜರ್ಲೆಂಡಿಗೆ ಕಾಲಿಟ್ಟು, ವಾಪಸ್ ಆಸ್ಟ್ರಿಯಾದ ಬ್ರೆಗೆಂಟ್ಸ್‌ನಲ್ಲಿ ಮುಕ್ತಾಯ. ಕೇಳಿದ ಕೂಡಲೇ ತಲೆಗೆ ಹುಳ ಬಿಟ್ಟ ಹಾಗಾಯಿತು.

ಈಗ ಸಮಸ್ಯೆ. ನಮ್ಮ ಏರಿಯಾದ ಒಬ್ಬ ಟ್ರಾವೆಲ್ ಏಜೆಂಟ್ ಹತ್ತಿರ ಹೋದೆ. "ಸರ್, ಮೂರು ದೇಶ ಅಂದರೆ ಮೂರು ವೀಸಾ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ. ನೀವು ಓಡುತ್ತಾ ಅಲ್ಲಿಗೆ ಹೋದರೆ ನಿಮ್ಮ ಸಿಂಗಲ್ ಎಂಟ್ರಿ ಅಲ್ಲಿಗೇ ಕ್ಲೋಸ್. ವಾಪಸ್ ಬಿಡಲ್ಲ" ಎಂದ. ಮೂರಕ್ಕೂ ಸೇರಿಸಿ ಒಂದು ಪ್ಯಾಕೇಜ್ ರೇಟೂ ಹೇಳಿದ. ಆ ರೇಟಿಗೆ ನಾನು ಇಲ್ಲೇ ಒಂದು ಸ್ಕೂಟರ್ ಕೊಳ್ಳಬಹುದು.

ಇದು ನಿಜವೇ? ಓಡುವಾಗ ಪಾಸ್‌ಪೋರ್ಟ್ ಚಡ್ಡಿ ಜೇಬಿನಲ್ಲಿ ಇಟ್ಟುಕೊಳ್ಳಬೇಕೇ? ಮತ್ತೆ, ನನ್ನ ಹೆಂಡತಿ ಹಾಫ್ ಓಡುತ್ತಾಳೆ. ಹಾಫ್‌ನವರಿಗೂ ಮೂರು ದೇಶ ಸಿಗುತ್ತದೆಯೇ? ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮಂಡ್ಯ_ಟು_ಮ್ಯೂನಿಕ್
ಏಜೆಂಟ್‌ಗೆ ನಮಸ್ಕಾರ ಹೊಡೆದು ಎದ್ದು ಬನ್ನಿ. ಒಂದೇ ಷೆಂಗೆನ್ ವೀಸಾ ಸಾಕು. ಮೂರೂ ದೇಶ ಷೆಂಗೆನ್‌ನಲ್ಲಿವೆ, ಅಂದರೆ ಒಂದೇ ವೀಸಾದಲ್ಲಿ ತಿರುಗಬಹುದಾದ ಯುರೋಪಿನ ದೇಶಗಳ ಕೂಟದಲ್ಲಿ.

ಗೊರೂರು_ಗಡಿಬಿಡಿ
ಇಲ್ಲ, ಏಜೆಂಟ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಸ್ವಿಟ್ಜರ್ಲೆಂಡ್ ಯೂನಿಯನ್‌ನಲ್ಲಿ ಇಲ್ಲ. ಹಾಗಾಗಿ ಸಿಂಗಲ್ ಎಂಟ್ರಿಯಲ್ಲಿ ಹೋದವರು ಹೊರಗೆ ಹೋದ ಲೆಕ್ಕ. ನನ್ನ ಭಾವಮೈದುನ ಹೀಗೇ ಸಿಕ್ಕಿಹಾಕಿಕೊಂಡಿದ್ದ.

ಮಂಡ್ಯ_ಟು_ಮ್ಯೂನಿಕ್
ನಿಮ್ಮ ಭಾವಮೈದುನ ಯಾವ ಕಾಲದಲ್ಲಿ ಹೋಗಿದ್ದು? ಸ್ವಿಟ್ಜರ್ಲೆಂಡ್ 2008ರ ಡಿಸೆಂಬರ್ 12ರಂದು ಷೆಂಗೆನ್ ವ್ಯವಸ್ಥೆಗೆ ಸೇರಿತು. ಯೂನಿಯನ್ ಬೇರೆ, ಷೆಂಗೆನ್ ಬೇರೆ. ಸಿಂಗಲ್ ಎಂಟ್ರಿ ಅಂದರೆ ಇಡೀ ಷೆಂಗೆನ್ ಪ್ರದೇಶದ ಒಳಗೆ ಒಂದು ಸಲ ಬರುವುದು. ಒಳಗೆ ಬಂದ ಮೇಲೆ ಜರ್ಮನಿಯಿಂದ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದರೆ ಎಂಟ್ರಿ ಖರ್ಚಾಗುವುದಿಲ್ಲ. ಓಡಿಕೊಂಡು ಹೋದರೂ ಅಷ್ಟೇ, ತೆವಳಿಕೊಂಡು ಹೋದರೂ ಅಷ್ಟೇ.

ಗೊರೂರು_ಗಡಿಬಿಡಿ
2006ರಲ್ಲಿ ಹೋಗಿದ್ದ. ಸರಿ, ಒಪ್ಪಿದೆ.

ವೀಸಾ_ವಿಶ್ವಣ್ಣ
ಪೂರ್ತಿ ಹೇಳುತ್ತೇನೆ. ಅರ್ಧ ಮಾಹಿತಿ ಇಟ್ಟುಕೊಂಡು ಅರ್ಜಿ ಹಾಕಿ ರಿಜೆಕ್ಟ್ ಆದವರನ್ನು ಬೇಕಾದಷ್ಟು ನೋಡಿದ್ದೇನೆ.

ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಎಲ್ಲ ಕಡೆ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನೀವು ಅಕ್ಕನ ಮಗಳ ಮನೆಯಲ್ಲಿ ಉಳಿಯುವುದರಿಂದ ಜರ್ಮನಿಗೆ ಹಾಕಿ. ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ. ಅದರ ಮೇಲೆ ಅರ್ಜಿ ಕೇಂದ್ರದವರ ಸೇವಾ ಶುಲ್ಕ. ಕಡಿಮೆ ಎಂದರೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಪಾಲಿಸಿ ತೆಗೆದುಕೊಳ್ಳುವಾಗ ಮ್ಯಾರಥಾನ್ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಕೆಲವು ಪಾಲಿಸಿಯಲ್ಲಿ ಸ್ಪರ್ಧೆ ಎಂಬ ಪದ ನೋಡಿದರೆ ಕೈ ಎತ್ತಿಬಿಡುತ್ತಾರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಮೇ, ಜೂನ್‌ನಲ್ಲೇ ಹಾಕಿ.

ಓಟದ ನೋಂದಣಿಯ ರಸೀದಿಯನ್ನೂ ಜೊತೆಗೆ ಇಡಿ. ಪ್ರಯಾಣದ ಉದ್ದೇಶಕ್ಕೆ ಅದು ಒಳ್ಳೆಯ ಪುರಾವೆ. ಮತ್ತೆ ವಾಪಸ್ ಬರುವ ಟಿಕೆಟ್.

ಕುಂಟೋಬಿಲ್ಲೆ
ಮ್ಯಾರಥಾನ್ ಓಡುವುದಕ್ಕೆ ಹೋಗುತ್ತೇನೆ ಎಂದರೆ ವಾಪಸ್ ಬರುವ ಸ್ಥಿತಿಯಲ್ಲಿ ಇರುತ್ತೀರಾ ಅಂತ ಕೇಳಲ್ವಾ?

ಜ್ಯೂರಿಕ್_ಜಯಕ್ಕ
ನಾನು ಈ ಓಟದಲ್ಲಿ ಎರಡು ಸಲ ಓಡಿದ್ದೇನೆ. ಒಂದು ಸಲ ಹಾಫ್, ಒಂದು ಸಲ ಫುಲ್. ಹಾಗಾಗಿ ಹೆಂಡತಿಯ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಹಾಫ್‌ನವರಿಗೆ ಸ್ವಿಟ್ಜರ್ಲೆಂಡ್ ಸಿಗುವುದಿಲ್ಲ. ಲಿಂಡೌ ಮತ್ತು ಬ್ರೆಗೆಂಟ್ಸ್, ಎರಡೇ ದೇಶ. ಲೆಕ್ಕ ಹಾಕಿ ನೋಡಿ. ಲಿಂಡೌ ದ್ವೀಪದಿಂದ ಬ್ರೆಗೆಂಟ್ಸ್‌ಗೆ ಹತ್ತಿರ ಹತ್ತಿರ 10 ಕಿಲೋಮೀಟರ್. ಅಲ್ಲಿಂದ ಸ್ವಿಸ್ ಗಡಿಗೆ ಇನ್ನೂ ಅಷ್ಟೇ ದೂರ. ಅಲ್ಲಿಂದ ವಾಪಸ್ ಬ್ರೆಗೆಂಟ್ಸ್‌ಗೆ ಬರಬೇಕು. 21ರಲ್ಲಿ ಎಲ್ಲಿ ಮುಗಿಯುತ್ತದೆ?

ನಾನು ಮೊದಲ ಸಲ ಗೊತ್ತಿಲ್ಲದೆ ಹಾಫ್‌ಗೆ ಹೆಸರು ಕೊಟ್ಟಿದ್ದೆ. ಗಂಡ, ಮಕ್ಕಳು ಸ್ವಿಸ್ ಬಾವುಟ ಹಿಡಿದುಕೊಂಡು ಗಡಿಯಾಚೆಯ ಸ್ವಿಸ್ ಊರು ಸಾಂಕ್ಟ್ ಮಾರ್ಗ್ರೇಟನ್‌ನಲ್ಲಿ ಕಾದರು. ನಾನು ಅಷ್ಟು ಹೊತ್ತಿಗೆ ಬ್ರೆಗೆಂಟ್ಸ್ ಕ್ರೀಡಾಂಗಣದಲ್ಲಿ ಬಾಳೆಹಣ್ಣು ತಿನ್ನುತ್ತಾ ಇವರು ಎಲ್ಲಿ ಹೋದರು ಅಂತ ಹುಡುಕುತ್ತಿದ್ದೆ. ಆ ಬಾವುಟದ ಕಥೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಲಾಲ್‌ಬಾಗ್_ನಿಧಾನಿ
ಅಯ್ಯೋ! ಇದನ್ನು ಹೆಂಡತಿಗೆ ಈಗ ಹೇಳಲೋ, ಟಿಕೆಟ್ ಬುಕ್ ಆದ ಮೇಲೆ ಹೇಳಲೋ?

ಕುಂಟೋಬಿಲ್ಲೆ
ಆಮೇಲೆ ಹೇಳಿದರೆ ನೀವು ಮೂರನೇ ದೇಶದಲ್ಲೇ ಉಳಿಯಬೇಕಾಗುತ್ತದೆ.

ಹೆಗಡೆ_ಹೊಂಡ
ಒಂದು ಸಣ್ಣ ತಿದ್ದುಪಡಿ. ಬೋಡನ್‌ಸೀ ಅಲ್ಲ, ಉಚ್ಚಾರ "ಬೋಡನ್‌ಝೇ" ಅಂತ ಬರುತ್ತದೆ. ಜರ್ಮನ್‌ನಲ್ಲಿ "ಝೇ" ಎಂಬ ಪದಕ್ಕೆ ಪುಲ್ಲಿಂಗದಲ್ಲಿ ಸರೋವರ ಎಂಬ ಅರ್ಥ, ಸ್ತ್ರೀಲಿಂಗದಲ್ಲಿ ಸಮುದ್ರ.

ಗೊರೂರು_ಗಡಿಬಿಡಿ
ಬಂತು ವ್ಯಾಕರಣ.

ತುಂಗೆ_ತಟದವ
ಪಾಸ್‌ಪೋರ್ಟ್ ಬಗ್ಗೆ ನನ್ನ ಅನುಭವ ಕೇಳಿ, ಇದು ಮುಖ್ಯ.

ಓಡುವಾಗ ಯಾರೂ ಕೇಳುವುದಿಲ್ಲ. ಲಿಂಡೌನಿಂದ ಆಸ್ಟ್ರಿಯಾಗೆ ದಾಟುವಾಗ ಒಂದು ಫಲಕ ಬಿಟ್ಟರೆ ಗಡಿ ಎಲ್ಲಿತ್ತು ಎಂದೇ ಗೊತ್ತಾಗಲಿಲ್ಲ. ಸ್ವಿಸ್ ಕಡೆ ದಾಟುವಾಗಲೂ ಜನ ಚಪ್ಪಾಳೆ ತಟ್ಟುತ್ತಿದ್ದರೇ ಹೊರತು ಕಾಗದ ಕೇಳಲಿಲ್ಲ. ಹಾಗಂತ ನಾನು ಪಾಸ್‌ಪೋರ್ಟನ್ನು ಲಿಂಡೌ ಹೋಟೆಲಿನಲ್ಲಿ ಬಿಟ್ಟಿದ್ದೆ. ಸಿಕ್ಕಿಬಿದ್ದದ್ದು ಎಲ್ಲಿ ಗೊತ್ತಾ? ಸಾಯಂಕಾಲ ಬ್ರೆಗೆಂಟ್ಸ್‌ನಿಂದ ಲಿಂಡೌಗೆ ಹೋಗುವ ರೈಲಿನಲ್ಲಿ.

ಜರ್ಮನಿ 2015ರಿಂದಲೇ ಆಸ್ಟ್ರಿಯಾ ಗಡಿಯಲ್ಲಿ ತಪಾಸಣೆ ಮಾಡುತ್ತಿದೆ. 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಿಗೂ ಅದನ್ನು ಹಬ್ಬಿಸಿತು. ದಿನಾ ಎಲ್ಲರನ್ನೂ ಕೇಳುತ್ತಾರೆ ಅಂತಲ್ಲ. ಆವತ್ತು ನಮ್ಮ ಡಬ್ಬಿಗೆ ಬಂದರು, ಅಷ್ಟೇ. ಕೊರಳಲ್ಲಿ ಪದಕ, ಮೈಮೇಲೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆ, ಕಾಲು ಮಡಚಲು ಆಗುತ್ತಿಲ್ಲ. "ಇವತ್ತು ಬೆಳಿಗ್ಗೆ ನಿಮ್ಮ ದೇಶದಿಂದಲೇ ಓಡಿ ಬಂದೆ" ಎಂದೆ. ಅವರಿಗೂ ನಗು ಬಂತು, ಆದರೂ ಬಿಡಲಿಲ್ಲ. ಫೋನಿನಲ್ಲಿದ್ದ ಪಾಸ್‌ಪೋರ್ಟ್ ಫೋಟೋ ಸಾಲದು ಎಂದರು. ನಿಲ್ದಾಣದಲ್ಲಿ ಕೂರಿಸಿ, ಕಂಪ್ಯೂಟರ್‌ನಲ್ಲಿ ಹುಡುಕಿ, 40 ನಿಮಿಷ ಆದ ಮೇಲೆ ಕಳಿಸಿದರು. ತಪ್ಪು ನನ್ನದೇ. ಬೇರೆ ದೇಶದಲ್ಲಿ ತಿರುಗುವಾಗ ಅಸಲಿ ಪಾಸ್‌ಪೋರ್ಟ್ ಜೊತೆಗೆ ಇರಬೇಕು.

ಬಟ್ಟೆ ಬ್ಯಾಗ್ ಜಮೆ ಮಾಡುವಾಗ ಅದರಲ್ಲಿ ಹಾಕಬೇಡಿ, ಬ್ಯಾಗ್ ಕಳೆದರೆ ಕಥೆ ಮುಗಿಯಿತು. ಸೊಂಟದ ಪಟ್ಟಿಯಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಕವರ್ ಒಳಗೆ ಇಡಿ. ಒಂದಲ್ಲ, ಎರಡು ಕವರ್. ಬೆವರು ಯಾವ ದೇಶದ್ದಾದರೂ ಉಪ್ಪೇ.

ವೀಸಾ_ವಿಶ್ವಣ್ಣ
ತುಂಗೆ ತಟದವರು ಹೇಳಿದ್ದು ನೂರಕ್ಕೆ ನೂರು. ಇನ್ನೊಂದು ಸೇರಿಸುತ್ತೇನೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್‌ನ ಹೊರಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ದಾಖಲಿಸುವ ಪದ್ಧತಿ ಶುರುವಾಯಿತು. ಅದು ನೀವು ವಿಮಾನ ಇಳಿಯುವ ಕಡೆ. ಈ ಮೂರು ದೇಶದ ನಡುವೆ ಅಲ್ಲ. ಎರಡನ್ನೂ ಕಲಸಿ ಹೆದರಬೇಡಿ.

ಬರ್ಮಿಂಗ್‌ಹ್ಯಾಮ್_ಬಸು
ನಾನು ಇಂಗ್ಲೆಂಡಿನಲ್ಲಿ ಕೆಲಸದ ವೀಸಾದಲ್ಲಿದ್ದೇನೆ. ಇಂಡಿಯನ್ ಪಾಸ್‌ಪೋರ್ಟ್. ನನಗೂ ಷೆಂಗೆನ್ ಬೇಕಾ?

ವೀಸಾ_ವಿಶ್ವಣ್ಣ
ಬೇಕು. ಇಂಗ್ಲೆಂಡಿನ ವೀಸಾ ಷೆಂಗೆನ್‌ನಲ್ಲಿ ನಡೆಯುವುದಿಲ್ಲ. ಜರ್ಮನಿಯಂಥ ಷೆಂಗೆನ್ ದೇಶದ ರೆಸಿಡೆನ್ಸ್ ಪರ್ಮಿಟ್ ಇದ್ದವರಿಗೆ ಮಾತ್ರ ಬೇರೆ ಷೆಂಗೆನ್ ದೇಶಕ್ಕೆ 180 ದಿನದಲ್ಲಿ 90 ದಿನದವರೆಗೆ ಹೋಗಲು ಹಾಗೇ ಬಿಡುತ್ತಾರೆ, ಪಾಸ್‌ಪೋರ್ಟ್ ಜೊತೆಗಿದ್ದರೆ.

ನಾಲೆ_ಏರಿ
ಎಲ್ಲರೂ ಕಾಗದದ ಬಗ್ಗೆಯೇ ಮಾತಾಡುತ್ತಿದ್ದೀರಿ. ದಾರಿ ಹೇಗಿದೆ ಅಂತ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಬೈದುಕೊಳ್ಳಬೇಡಿ. ಪೋಸ್ಟರಿನಲ್ಲಿ ಇರುವುದು ಸರೋವರ, ಕಾಲಿಗೆ ಸಿಗುವುದು ರೌಂಡಾನ.

ಮೊದಲ ಭಾಗ ಚೆಂದ, ಒಪ್ಪುತ್ತೇನೆ. ಲಿಂಡೌ ಬಂದರಿನ ಬಾಯಲ್ಲಿ ಒಂದು ಕಡೆ ಕಲ್ಲಿನ ಸಿಂಹ, 6 ಮೀಟರ್ ಎತ್ತರ. ಇನ್ನೊಂದು ಕಡೆ ದೀಪಸ್ತಂಭ, 33 ಮೀಟರ್. ಎರಡೂ 1856ರವು. ಲೋಖೌ ದಾಟಿ ಬ್ರೆಗೆಂಟ್ಸ್‌ವರೆಗೆ ಬಲಗಡೆ ನೀರು, ಎಡಗಡೆ ಪ್ಫೆಂಡರ್ ಬೆಟ್ಟ. ಬ್ರೆಗೆಂಟ್ಸ್‌ನಲ್ಲಿ ನೀರಿನ ಮೇಲೆ ಕಟ್ಟಿರುವ ನಾಟಕದ ರಂಗಸ್ಥಳ. ಇಲ್ಲಿಯವರೆಗೆ ದುಡ್ಡು ವಸೂಲಿ. ಆಮೇಲೆ ಹಾರ್ಡ್, ಫುಸ್ಸಾಖ್, ಹೋಖ್ಸ್ಟ್ ಅಂತ ಊರೂರು ಸುತ್ತಿಸುತ್ತಾರೆ. ಹೊಲ, ಗೋದಾಮು, ಮತ್ತೆ ಹೊಲ. ಸರೋವರ ಎಲ್ಲೋ ದೂರದಲ್ಲಿ. ಮೂರು ದೇಶ ಅನ್ನಿಸಿಕೊಳ್ಳುವುದಕ್ಕೆ ಸ್ವಿಟ್ಜರ್ಲೆಂಡನ್ನು ಸುಮ್ನೆ ಮುಟ್ಟಿ ಬರುವುದು, ಕುಂಟಾಬಿಲ್ಲೆ ಆಟದಲ್ಲಿ ಗೆರೆ ಮುಟ್ಟಿದ ಹಾಗೆ.

ಇದಕ್ಕೆ ಲಕ್ಷಗಟ್ಟಲೆ ಖರ್ಚು ಯಾಕೆ? ನಮ್ಮ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಟ್ರೈಲ್ ಮ್ಯಾರಥಾನ್ ಇದೆ. ನಾಲೆ ಏರಿ ಮೇಲೆ ಮಣ್ಣಿನ ದಾರಿ, ಪಕ್ಕದಲ್ಲಿ ಗದ್ದೆ, ರಂಗನತಿಟ್ಟಿನ ಹಕ್ಕಿ. ಓಡಿ ಮುಗಿಸಿ ಮದ್ದೂರಿನಲ್ಲಿ ವಡೆ ತಿಂದು ಮಧ್ಯಾಹ್ನಕ್ಕೆ ಮನೆ.

ಜ್ಯೂರಿಕ್_ಜಯಕ್ಕ
ನಾಲೆ ಏರಿಯವರೇ, ಸೆಪ್ಟೆಂಬರ್ ಬಿಸಿಲಿನಲ್ಲಿ ಆ ನಾಲೆ ಏರಿ ಮೇಲೆ 35ನೇ ಕಿಲೋಮೀಟರ್‌ನಲ್ಲಿ ನಿಮಗೆ ಹಕ್ಕಿ ಕಾಣಿಸಿತ್ತೇ? ನನಗಂತೂ ಬರೀ ನಕ್ಷತ್ರ ಕಾಣಿಸಿತ್ತು.

ಆದರೆ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಧ್ಯದ ಭಾಗ ಸಪ್ಪೆ. ನನಗೆ ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ಹೋಖ್ಸ್ಟ್‌ನಲ್ಲಿ ಆಸ್ಟ್ರಿಯಾದ ಅಜ್ಜಿಯೊಬ್ಬರು ಹಾಲಿನ ಡಬ್ಬ ಬಡಿಯುತ್ತಾ "ಹೊಪ್ ಹೊಪ್ ಹೊಪ್" ಎಂದು ಕೂಗುತ್ತಿದ್ದರು. ಸೇತುವೆ ದಾಟಿ ಸ್ವಿಟ್ಜರ್ಲೆಂಡಿಗೆ ಬಂದರೆ ಅಲ್ಲೊಬ್ಬ ಅಜ್ಜ ಹಸುವಿನ ಗಂಟೆ ಅಲ್ಲಾಡಿಸುತ್ತಾ ಅದೇ "ಹೊಪ್ ಹೊಪ್". ಮಾತೂ ಹೆಚ್ಚು ಕಡಿಮೆ ಒಂದೇ. ಆ ಭಾಗದ ಆಸ್ಟ್ರಿಯಾದವರ ಆಡುಮಾತು ವಿಯೆನ್ನಾದವರಿಗಿಂತ ಸ್ವಿಸ್ ಜರ್ಮನ್‌ಗೆ ಹತ್ತಿರ. ಕಾಸರಗೋಡು, ಮಂಗಳೂರು ನೆನಪಾಯಿತು ನನಗೆ. ಗೆರೆ ಮಧ್ಯದಲ್ಲಿ, ಮಾತು ಎರಡೂ ಕಡೆ.

ಶಿರಸಿ_ಸಂಶೋಧಕ
ಜಯಕ್ಕನ ಮಾತಿಗೆ ಒಂದು ಇತಿಹಾಸ ಇದೆ, ವಿಷಯಾಂತರ ಅಂದರೂ ಪರವಾಗಿಲ್ಲ. ಬ್ರೆಗೆಂಟ್ಸ್ ಇರುವ ರಾಜ್ಯದ ಹೆಸರು ಫೋರಾರ್ಲ್‌ಬರ್ಗ್. ಮೊದಲ ಮಹಾಯುದ್ಧ ಮುಗಿದು ಆಸ್ಟ್ರಿಯಾ ಸಾಮ್ರಾಜ್ಯ ಚೂರಾದಾಗ ಇಲ್ಲಿಯ ಜನ 1919ರ ಮೇ 11ರಂದು ಮತ ಹಾಕಿದರು. ಸ್ವಿಟ್ಜರ್ಲೆಂಡ್ ಸೇರುವ ಮಾತುಕತೆ ನಡೆಸಿ ಅಂತ ಶೇ. 80ರಷ್ಟು ಜನ ಹೇಳಿದರು. ಆದರೆ ಸೇರ್ಪಡೆ ಆಗಲೇ ಇಲ್ಲ. ಸ್ವಿಸ್‌ನವರಿಗೂ ಅಷ್ಟೇನೂ ಉತ್ಸಾಹ ಇರಲಿಲ್ಲ. ಈಗಲೂ ತಮಾಷೆಗೆ ಆ ರಾಜ್ಯವನ್ನು "ಮಿಕ್ಕಿದ ಕ್ಯಾಂಟನ್" ಎನ್ನುತ್ತಾರೆ. ಕ್ಯಾಂಟನ್ ಅಂದರೆ ಸ್ವಿಟ್ಜರ್ಲೆಂಡಿನ ಒಂದು ರಾಜ್ಯ.

ಅಂದರೆ ಆವತ್ತು ಮಾತುಕತೆ ಕುದುರಿದ್ದರೆ ನಿಧಾನಿಯವರು ಎರಡೇ ದೇಶದ ಮ್ಯಾರಥಾನ್ ಓಡಬೇಕಿತ್ತು.

ಲಾಲ್‌ಬಾಗ್_ನಿಧಾನಿ
ಹೆಂಡತಿಯ ಹಾಫ್‌ನಲ್ಲಿ ಸ್ವಿಟ್ಜರ್ಲೆಂಡ್ ಸಿಗುತ್ತಿತ್ತು! ಛೆ.

ಗೊರೂರು_ಗಡಿಬಿಡಿ
ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ನಡುವೆ ಗಡಿ ರೈನ್ ನದಿ ತಾನೇ? ಅಂದರೆ ರೈನ್ ದಾಟಿದ ಕೂಡಲೇ ಸ್ವಿಟ್ಜರ್ಲೆಂಡ್. ಹಾರ್ಡ್ ದಾಟಿದರೆ ನದಿ ಬರುತ್ತದೆ, ಮ್ಯಾಪ್ ನೋಡಿದೆ. ಮತ್ತೆ ಫುಸ್ಸಾಖ್, ಹೋಖ್ಸ್ಟ್ ಆಸ್ಟ್ರಿಯಾ ಹೇಗೆ ಆಯಿತು?

ಶಿರಸಿ_ಸಂಶೋಧಕ
ಒಳ್ಳೆ ಪ್ರಶ್ನೆ ಕೇಳಿದಿರಿ. ಅಲ್ಲಿ ಎರಡು ರೈನ್ ಇದೆ. ಹಳೆ ರೈನ್ ಬಳುಕಿಕೊಂಡು ಹೋಗುತ್ತಿತ್ತು, ಮಳೆಗಾಲ ಬಂದರೆ ಊರಿಗೆ ನುಗ್ಗುತ್ತಿತ್ತು. ಅದಕ್ಕೆ ಎರಡೂ ದೇಶ ಸೇರಿ ನದಿಗೆ ನೇರ ಕಾಲುವೆ ತೋಡಿದರು. 1900ರಲ್ಲಿ ಫುಸ್ಸಾಖ್ ಹತ್ತಿರ ನದಿಯನ್ನು ಹೊಸ ಪಾತ್ರಕ್ಕೆ ತಿರುಗಿಸಿದರು. ನದಿ ಜಾಗ ಬದಲಿಸಿತು, ಗಡಿ ಬದಲಿಸಲಿಲ್ಲ. ಗಡಿ ಇನ್ನೂ ಹಳೆ ರೈನ್ ಮೇಲೇ ಇದೆ. ಹಾಗಾಗಿ ಹೊಸ ರೈನ್ ದಾಟಿದ ಮೇಲೂ ಕೆಲವು ಕಿಲೋಮೀಟರ್ ಆಸ್ಟ್ರಿಯಾದಲ್ಲೇ ಓಡುತ್ತೀರಿ. ನಾಲೆ ಏರಿಯವರಿಗೆ ಸಪ್ಪೆ ಅನ್ನಿಸಿದ ಭಾಗ ಇದೇ. ಆ ಹೊಲಗಳು ಎರಡು ನದಿಗಳ ನಡುವೆ ಸಿಕ್ಕಿಕೊಂಡ ನೆಲ.

ಹೊಸ ರೈನ್ ತರುವ ಹೂಳು ದಂಡೆಯ ಹತ್ತಿರ ತುಂಬಬಾರದು ಅಂತ ಒಡ್ಡು ಕಟ್ಟಿ ನದಿಯ ಬಾಯನ್ನು ಸರೋವರದ ಒಳಗೆ ತುಂಬಾ ದೂರ ಚಾಚಿದ್ದಾರೆ. ಪ್ಫೆಂಡರ್ ಮೇಲಿಂದ ನೋಡಿದರೆ ನೀರಿಗೆ ಎರಡು ಬೆರಳು ಇಳಿಬಿಟ್ಟ ಹಾಗೆ ಕಾಣುತ್ತದೆ.

ನಾಲೆ_ಏರಿ
ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ 28ನೇ ಕಿಲೋಮೀಟರ್‌ನಲ್ಲಿ ಸ್ವಲ್ಪ ಕಮ್ಮಿ ಬೈದುಕೊಳ್ಳುತ್ತಿದ್ದೆನೇನೋ.

ಹೆಗಡೆ_ಹೊಂಡ
ಗಡಿ ವಿಷಯ ಬಂತು, ಅದಕ್ಕಿಂತ ಮಜಾ ಇನ್ನೊಂದಿದೆ. ನೆಲದ ಮೇಲೆ ಗಡಿ ಇದೆ. ಸರೋವರದ ನಡುವೆ ಎಲ್ಲಿದೆ ಅಂತ ಮೂರು ದೇಶ ಇವತ್ತಿನವರೆಗೂ ತೀರ್ಮಾನ ಮಾಡಿಲ್ಲ! ಸ್ವಿಟ್ಜರ್ಲೆಂಡ್ ನಟ್ಟನಡುವೆ ಗೆರೆ ಎನ್ನುತ್ತದೆ. ಆಸ್ಟ್ರಿಯಾ ಇದು ಮೂವರಿಗೂ ಸೇರಿದ ಆಸ್ತಿ ಎನ್ನುತ್ತದೆ. ಜರ್ಮನಿ ಬಾಯಿ ಬಿಟ್ಟು ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ. ಹಾಗಂತ ಜಗಳವೂ ಇಲ್ಲ.

ಕುಂಟೋಬಿಲ್ಲೆ
ನಮ್ಮಲ್ಲಿ ಅಣ್ಣತಮ್ಮಂದಿರ ನಡುವೆ ಒಂದು ತೆಂಗಿನಮರದ ಗಡಿಗೆ ಮೂರು ತಲೆಮಾರು ಕೋರ್ಟು. ಅವರಲ್ಲಿ 536 ಚದರ ಕಿಲೋಮೀಟರ್ ನೀರು ಹೀಗೇ ಬಿಟ್ಟಿದ್ದಾರಾ?

ಗೊರೂರು_ಗಡಿಬಿಡಿ
536 ಅಂದರೆ ನಮ್ಮ ಕನ್ನಂಬಾಡಿಯ ನಾಲ್ಕು ಪಟ್ಟು.

ಬೆಳ್ಳಂದೂರು_ಬೇಸರ
ನೊರೆ ಬರುತ್ತದಾ?

ಶಿರಸಿ_ಸಂಶೋಧಕ
ನಗಬೇಡಿ, ಒಂದು ಕಾಲದಲ್ಲಿ ಇದೂ ಕೆಟ್ಟಿತ್ತು. ಸುತ್ತಲಿನ ಊರುಗಳ ಚರಂಡಿ, ಸೋಪಿನ ಪುಡಿಯ ರಂಜಕ ಎಲ್ಲ ಸೇರಿ 1970ರ ದಶಕದ ಕೊನೆಗೆ ಪಾಚಿ ಕಟ್ಟಿ ಹಾಳಾಗಿತ್ತು. ಮೂರು ದೇಶದವರು ಕೂಡಿ ಸರೋವರ ಕಾಪಾಡಲು ಒಂದು ಆಯೋಗವನ್ನು 1959ರಲ್ಲೇ ಮಾಡಿಕೊಂಡಿದ್ದರು. ಅದರ ಒತ್ತಾಯದಿಂದ ಊರೂರಿಗೆ ಶುದ್ಧೀಕರಣ ಘಟಕ ಬಂತು. ಈಗ ಸ್ಟುಟ್‌ಗಾರ್ಟ್ ಸೇರಿ ಸುಮಾರು 40 ಲಕ್ಷ ಜನ ಇದೇ ನೀರು ಕುಡಿಯುತ್ತಾರೆ. ನಮ್ಮಲ್ಲಿ ತೊರೆಕಾಡನಹಳ್ಳಿಯಿಂದ ಕಾವೇರಿ ಎತ್ತಿ ಬೆಂಗಳೂರಿಗೆ ತರುವ ಹಾಗೆ ಅಲ್ಲೂ ಪೈಪ್‌ನಲ್ಲಿ ದೂರ ಸಾಗಿಸುತ್ತಾರೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ನೀರು ಎಷ್ಟು ಸ್ವಚ್ಛವಾಯಿತು ಎಂದರೆ ಮೀನಿಗೆ ಮೇವು ಕಮ್ಮಿಯಾಯಿತು ಅಂತ ಬೆಸ್ತರು ದೂರುತ್ತಾರೆ. ಹೊರಗಿನಿಂದ ಬಂದ ಚಿಪ್ಪುಜೀವಿ, ನೀರುಕಾಗೆ, ಹವೆ ಬಿಸಿಯಾಗಿದ್ದು, ಹೀಗೆ ಕಾರಣ ಇನ್ನೂ ಇವೆ. ಅಲ್ಲಿನ ಹೆಸರಾಂತ ಫೆಲ್ಖನ್ ಮೀನನ್ನು 2024ರಿಂದ ಮೂರು ವರ್ಷ ಹಿಡಿಯಬಾರದು ಅಂತ ನಿಷೇಧ ಹಾಕಿದರು.

ಬೆಳ್ಳಂದೂರು_ಬೇಸರ
ಸ್ವಚ್ಛ ಜಾಸ್ತಿ ಆಯಿತು ಅಂತ ದೂರು. ಈ ಭಾಗ್ಯ ನಮಗೆ ಯಾವಾಗ ಬರುತ್ತದೋ!

ಲಾಲ್‌ಬಾಗ್_ನಿಧಾನಿ
ಸ್ವಾಮಿ, ಎಲ್ಲ ಓದುತ್ತಿದ್ದೇನೆ, ಖುಷಿಯಾಗುತ್ತಿದೆ. ಆದರೆ ನನ್ನ ಮಂಡಿಯ ಬಗ್ಗೆಯೂ ಸ್ವಲ್ಪ ಯೋಚಿಸಿ. ಹವೆ ಹೇಗಿರುತ್ತದೆ? ಏನು ಹಾಕಿಕೊಳ್ಳಬೇಕು? ಏನು ತಿನ್ನಬೇಕು? ನಾವು ಶುದ್ಧ ಸಸ್ಯಾಹಾರಿಗಳು.

ಮಂಡ್ಯ_ಟು_ಮ್ಯೂನಿಕ್
ಅಕ್ಟೋಬರ್‌ನಲ್ಲಿ ಎರಡರಲ್ಲಿ ಒಂದು. ಮಂಜು ಇರುತ್ತದೆ, ಇಲ್ಲಾಂದರೆ ಫ್ಯೋನ್ ಗಾಳಿ. ಮಂಜು ಬಿದ್ದರೆ ಲಿಂಡೌ ಬಂದರಿನಲ್ಲಿ ಆ ಸಿಂಹದ ಬೆನ್ನೂ ಕಾಣುವುದಿಲ್ಲ. ಫ್ಯೋನ್ ಅಂದರೆ ಆಲ್ಪ್ಸ್ ಇಳಿದು ರೈನ್ ಕಣಿವೆಯಲ್ಲಿ ನುಗ್ಗುವ ಬೆಚ್ಚನೆ ದಕ್ಷಿಣ ಗಾಳಿ. ಅದು ಬಂದರೆ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ, ಆದರೆ ಸ್ವಿಸ್ ಕಡೆ ಓಡುವಾಗ ಎದೆಗೆ ಹೊಡೆಯುತ್ತದೆ.

ಬೆಂಗಳೂರಿನವರಿಗೆ ಒಂದು ಲಾಭ ಇದೆ. ನೀವು 900 ಮೀಟರ್ ಎತ್ತರದಲ್ಲಿ ಓಡಿ ಅಭ್ಯಾಸ ಆದವರು. ಸರೋವರ ಇರುವುದು 395 ಮೀಟರ್‌ನಲ್ಲಿ. ದಾರಿಯೂ ಹೆಚ್ಚು ಕಡಿಮೆ ಸಪಾಟು, ಸೇತುವೆ ಏರುಗಳು ಬಿಟ್ಟರೆ. ಬೆಳಿಗ್ಗೆ ಚಳಿ ಇರುತ್ತದೆ. ಹಳೆ ಸ್ವೆಟರ್ ಹಾಕಿಕೊಂಡು ನಿಂತು, ಓಟ ಶುರುವಾಗುವಾಗ ತೆಗೆದು ಪಕ್ಕಕ್ಕಿಡಿ.

ತುಂಗೆ_ತಟದವ
ಹಳೆ ಸ್ವೆಟರ್ ಅಂದರೆ ನಿಜವಾಗಿ ಹಳೇದು. ನಾನು ಅಮ್ಮ ಹೆಣೆದ ಸ್ವೆಟರ್ ಬಿಟ್ಟು ಬಂದೆ. ಶಿವಮೊಗ್ಗದಲ್ಲಿ ಇನ್ನೂ ಗೊತ್ತಿಲ್ಲ.

ಜ್ಯೂರಿಕ್_ಜಯಕ್ಕ
ಊಟಕ್ಕೆ ಚಿಂತೆ ಬೇಡ. ಹಿಂದಿನ ರಾತ್ರಿ ಬ್ರೆಗೆಂಟ್ಸ್‌ನಲ್ಲಿ ಕೇಸ್‌ಕ್ನೋಪ್ಫ್ಲೆ ತಿನ್ನಿ. ಮೈದಾಹಿಟ್ಟಿನ ಸಣ್ಣ ಸಣ್ಣ ಉಂಡೆ ಬೇಯಿಸಿ ಚೀಸ್ ಸುರಿದು ಮೇಲೆ ಹುರಿದ ಈರುಳ್ಳಿ ಹಾಕುತ್ತಾರೆ. ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ಮೊಟ್ಟೆ ತಿನ್ನದಿದ್ದರೆ ಬಿಡಿ. ಅರ್ಧ ತಟ್ಟೆ ಸಾಕು. ಪೂರ್ತಿ ತಿಂದರೆ ಮರುದಿನ ಸರೋವರದಲ್ಲಿ ಮುಳುಗುತ್ತೀರಿ.

ನಾನು ಓಡುವಾಗ ಕಡಲೆಕಾಯಿ ಚಿಕ್ಕಿ ಮುರಿದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. 30ರ ನಂತರ ಅದೇ ದೇವರು. ಪಕ್ಕದಲ್ಲಿ ಓಡುತ್ತಿದ್ದ ಆಸ್ಟ್ರಿಯಾದವನಿಗೂ ಒಂದು ತುಂಡು ಕೊಟ್ಟೆ. ಮುಗಿದ ಮೇಲೆ ಬಂದು ಆ ಔಷಧಿಯ ಹೆಸರೇನು ಅಂತ ಕೇಳಿದ.

ಹೊಟ್ಟೆ_ಮೊದಲು
ಚಿತ್ರಾನ್ನ ಕಟ್ಟಿಕೊಂಡು ಹೋಗಬಹುದಾ? ಬೆಳಿಗ್ಗೆ ತಿನ್ನಲು.

ಕುಂಟೋಬಿಲ್ಲೆ
ನಿಂಬೆಹಣ್ಣು ಜಾಸ್ತಿ ಹಾಕಿದರೆ ಮೂರೂ ದೇಶದಲ್ಲಿ ಶೌಚಾಲಯ ಹುಡುಕಬೇಕಾಗುತ್ತದೆ. ಅದಕ್ಕೂ ವೀಸಾ ಒಂದೇ.

ಹೊಟ್ಟೆ_ಮೊದಲು
ಅವಲಕ್ಕಿ ಮೊಸರು?

ಮಂಡ್ಯ_ಟು_ಮ್ಯೂನಿಕ್
ಅದು ಸರಿ. ಮೊಸರು ಅಲ್ಲೇ ಸಿಗುತ್ತದೆ, ಅವಲಕ್ಕಿ ತನ್ನಿ. ನನಗೂ ಒಂದು ಕೆಜಿ ತನ್ನಿ.

ಪೇಸ್_ಪ್ರಕಾಶ
ನನ್ನದು ಒಂದು ದೂರು. ಕೈಗಡಿಯಾರದ ಜಿಪಿಎಸ್ ಪ್ರಕಾರ ನಾನು ಓಡಿದ್ದು 42.7 ಕಿಲೋಮೀಟರ್. 500 ಮೀಟರ್ ಜಾಸ್ತಿ ಓಡಿಸಿದ್ದಾರೆ. ಮೂರು ದೇಶದ ಹೆಸರಿನಲ್ಲಿ ಅಳತೆ ಯಾರೂ ಸರಿಯಾಗಿ ಮಾಡಿಲ್ಲ ಅನ್ನಿಸುತ್ತದೆ.

ಹೆಗಡೆ_ಹೊಂಡ
ಪ್ರಕಾಶ್, ನಿಮ್ಮ ಗಡಿಯಾರ ಹೇಳಿದ್ದು ನೀವು ಓಡಿದ ದೂರ. ದಾರಿಯ ದೂರ ಅಲ್ಲ. ಪ್ರಮಾಣೀಕೃತ ರಸ್ತೆ ಓಟವನ್ನು ಸೈಕಲ್ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಸಣ್ಣ ಯಂತ್ರ ಕಟ್ಟಿ ಅಳೆಯುತ್ತಾರೆ. ಪ್ರತಿ ತಿರುವಿನಲ್ಲೂ ಒಳಗಿನ ಅಂಚಿಗೆ ಒತ್ತಿಕೊಂಡು, ಅತಿ ಕಡಿಮೆ ದೂರದ ಗೆರೆಯಲ್ಲಿ. ಕಮ್ಮಿ ಬೀಳಬಾರದು ಅಂತ ಸಾವಿರಕ್ಕೆ ಒಂದರ ಲೆಕ್ಕದಲ್ಲಿ ಇನ್ನೊಂದು 42 ಮೀಟರ್ ಸೇರಿಸುತ್ತಾರೆ. ನೀವು ತಿರುವಿನಲ್ಲಿ ಹೊರಗಡೆ ಓಡಿದಿರಿ, ನೀರಿನ ಮೇಜಿಗೆ ಅಡ್ಡ ಹೋದಿರಿ, ಮನೆಯವರಿಗೆ ಕೈ ಬೀಸಲು ಇನ್ನೊಂದು ಅಂಚಿಗೆ ಹೋದಿರಿ. ಅದೆಲ್ಲ ಸೇರಿ 500 ಮೀಟರ್.

ಪೇಸ್_ಪ್ರಕಾಶ
ಮನೆಯವರು ಬಂದೇ ಇರಲಿಲ್ಲ. ಆದರೂ ಸರಿ.

ಗೊರೂರು_ಗಡಿಬಿಡಿ
ಅಥವಾ ಮೂರು ದೇಶದ ಗಡಿಯಲ್ಲಿ ಗಡಿಯಾರಕ್ಕೆ ಟೈಮ್ ಝೋನ್ ಗೊಂದಲ ಆಗಿರಬೇಕು.

ಮಂಡ್ಯ_ಟು_ಮ್ಯೂನಿಕ್
ಮೂರೂ ದೇಶ ಒಂದೇ ಟೈಮ್ ಝೋನ್, ಮಾರಾಯ್ರೆ. ಗೊಂದಲ ಆಗುವುದು ಫೋನಿಗೆ. ಜರ್ಮನ್ ಸಿಮ್ ಆಸ್ಟ್ರಿಯಾದಲ್ಲಿ ಅದೇ ರೇಟಿಗೆ ನಡೆಯುತ್ತದೆ, ಯೂನಿಯನ್ ಒಳಗೆ 2017ರ ಜೂನ್‌ನಿಂದ ಹೆಚ್ಚುವರಿ ರೋಮಿಂಗ್ ತೆಗೆದುಹಾಕಿದ್ದಾರೆ. ಸ್ವಿಟ್ಜರ್ಲೆಂಡ್‌ಗೆ ಆ ನಿಯಮ ಇಲ್ಲ. ಕೆಲವು ಪ್ಲಾನ್‌ಗಳಲ್ಲಿ ಸೇರಿಸಿರುತ್ತಾರೆ, ಕೆಲವರಲ್ಲಿ ಇಲ್ಲ. ನಾನು ಸಾಂಕ್ಟ್ ಮಾರ್ಗ್ರೇಟನ್‌ನಲ್ಲಿ ಓಡುತ್ತಾ ಓಡುತ್ತಾ ಮಂಡ್ಯಕ್ಕೆ ವಿಡಿಯೋ ಕಾಲ್ ಮಾಡಿದೆ. "ಅಪ್ಪಾ, ನೋಡು, ಇದು ಸ್ವಿಟ್ಜರ್ಲೆಂಡ್" ಅಂತ. ಅಪ್ಪ "ಚಾಮುಂಡಿ ಬೆಟ್ಟದ ಹಿಂದಿನ ರಸ್ತೆ ಇದ್ದಂಗಿದೆ" ಎಂದರು. ಆ ಒಂದು ಮಾತಿಗೆ ಬಿಲ್ಲು 38 ಯೂರೋ. ಗಡಿ ದಾಟುವ ಮುಂಚೆ ಡೇಟಾ ಆಫ್ ಮಾಡಿ.

ಲಿಂಡೌ_ಹಳಬ
ನಾನು ಓಟಗಾರ ಅಲ್ಲ. ಪಿಎಚ್‌ಡಿ ಮಾಡುವಾಗ ಲಿಂಡೌಗೆ ಹೋಗಿದ್ದೆ. 1951ರಿಂದ ಅಲ್ಲಿ ಬೇಸಿಗೆಯಲ್ಲಿ ನೊಬೆಲ್ ಪಡೆದವರ ಸಮಾವೇಶ ನಡೆಯುತ್ತದೆ, ಬೇರೆ ಬೇರೆ ದೇಶದ ಯುವ ಸಂಶೋಧಕರನ್ನು ಕರೆಯುತ್ತಾರೆ. ಊರು ಪುಟ್ಟದು. ಎಷ್ಟು ಪುಟ್ಟದು ಎಂದರೆ ಐಸ್‌ಕ್ರೀಮ್ ಸಾಲಿನಲ್ಲಿ ನನ್ನ ಮುಂದೆ ನೊಬೆಲ್ ವಿಜ್ಞಾನಿ ಚಿಲ್ಲರೆಗೆ ಜೇಬು ತಡಕುತ್ತಿದ್ದರು. ಹೆಂಡತಿಯವರನ್ನು ಒಂದು ದಿನ ಮುಂಚೆ ಆ ದ್ವೀಪ ಸುತ್ತಿಸಿ. ಸ್ವಿಟ್ಜರ್ಲೆಂಡ್ ತಪ್ಪಿದ ಸಿಟ್ಟು ಅರ್ಧ ಇಳಿಯುತ್ತದೆ.

ಜ್ಯೂರಿಕ್_ಜಯಕ್ಕ
ಸಿಟ್ಟು ಪೂರ್ತಿ ಇಳಿಯಬೇಕಾದರೆ ಹೀಗೆ ಮಾಡಿ. ಅವರ ಹಾಫ್ ಬೇಗ ಮುಗಿಯುತ್ತದೆ. ಬ್ರೆಗೆಂಟ್ಸ್‌ನಿಂದ ಸಾಂಕ್ಟ್ ಮಾರ್ಗ್ರೇಟನ್‌ಗೆ ರೈಲಿದೆ, ಹತ್ತಿಪ್ಪತ್ತು ನಿಮಿಷ. ನೀವು ಅಲ್ಲಿಗೆ ಬರುವ ಹೊತ್ತಿಗೆ ಅವರು ಪದಕ ಹಾಕಿಕೊಂಡು ಗಡಿಯಲ್ಲಿ ನಿಂತಿರುತ್ತಾರೆ. ನಿಮ್ಮ ವೇಗಕ್ಕೆ ಕಾಫಿಯನ್ನೂ ಕುಡಿದಿರುತ್ತಾರೆ. ಕಾಫಿಗೆ ಫ್ರಾಂಕ್ ಬೇಕು, ಯೂರೋ ಕೊಟ್ಟರೆ ತೆಗೆದುಕೊಂಡರೂ ಚಿಲ್ಲರೆಯಲ್ಲಿ ಬೋಳಿಸುತ್ತಾರೆ.

ಪೇಸ್_ಪ್ರಕಾಶ
ಅಂದಹಾಗೆ ನಿಧಾನಿಯವರೇ, 5:10 ಎಂದಿರಿ. ಓಟಕ್ಕೆ ಸಮಯದ ಮಿತಿ ಇರುತ್ತದೆ. ಆ ವರ್ಷದ ನಿಯಮ ಓದಿಕೊಂಡು ಹೆಸರು ಕೊಡಿ. ಗಡಿಯಲ್ಲಿ ಪೊಲೀಸ್ ಹಿಡಿಯುವುದಿಲ್ಲ, ಹಿಂದುಳಿದವರನ್ನು ಎತ್ತಿಕೊಳ್ಳಲು ಹಿಂದಿನಿಂದ ಬರುವ ಗಾಡಿ ಹಿಡಿಯುತ್ತದೆ.

ಲಾಲ್‌ಬಾಗ್_ನಿಧಾನಿ
ಎಲ್ಲರಿಗೂ ಅಪ್‌ಡೇಟ್. ಹೆಂಡತಿಗೆ ವಿಷಯ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ "ಹಾಗಾದರೆ ನಾನೇ ಫುಲ್ ಓಡುತ್ತೇನೆ, ನೀವು ಹಾಫ್ ಓಡಿ, ನಿಮ್ಮ ಮಂಡಿಗೂ ಒಳ್ಳೆಯದು" ಎಂದಳು. ಅವಳ ಹಾಫ್ ಸಮಯ 2 ಗಂಟೆ 5 ನಿಮಿಷ. ನಾನು ಏನೂ ಮಾತಾಡುವ ಹಾಗಿಲ್ಲ.

ಸೋಮವಾರದಿಂದ ಬೆಳಿಗ್ಗೆ ಐದಕ್ಕೆ ಲಾಲ್‌ಬಾಗ್‌ನಲ್ಲಿ ಅವಳ ಅಭ್ಯಾಸ ಶುರು. ನನಗೆ ನೀರಿನ ಬಾಟಲಿ ಹಿಡಿಯುವ ಕೆಲಸ ಸಿಕ್ಕಿದೆ. ಜರ್ಮನಿಗೆ ಒಂದೇ ವೀಸಾ, ಅಪಾಯಿಂಟ್‌ಮೆಂಟ್ ತೆಗೆದುಕೊಂಡಾಯಿತು. ಏಜೆಂಟ್‌ಗೆ ಫೋನ್ ಮಾಡಿ ಬೇಡ ಎಂದೆ. "ಸರ್, ಹಾಗಾದರೆ ಎರಡು ವೀಸಾ ರೇಟಿಗೆ ಮೂರು ಮಾಡಿಕೊಡುತ್ತೇನೆ" ಎಂದ.

ಕೊನೆಯ ಪ್ರಶ್ನೆ. ಓಟದ ಬೆಳಿಗ್ಗೆ ಮ್ಯೂನಿಕ್‌ನಿಂದಲೇ ರೈಲು ಹಿಡಿದು ಬಂದರೆ ಆಗುತ್ತದಾ? ಲಿಂಡೌನಲ್ಲಿ ಎರಡು ನಿಲ್ದಾಣ ತೋರಿಸುತ್ತಿದೆ. ಯಾವುದರಲ್ಲಿ ಇಳಿಯಬೇಕು?

ಮಂಡ್ಯ_ಟು_ಮ್ಯೂನಿಕ್
ಹಿಂದಿನ ದಿನವೇ ಬನ್ನಿ. ಜರ್ಮನ್ ರೈಲು ಸಮಯಕ್ಕೆ ಬರುತ್ತದೆ ಎಂಬುದು ನಮ್ಮ ಅಪ್ಪಂದಿರ ಕಾಲದ ಮಾತು. ಮ್ಯೂನಿಕ್‌ನಿಂದ ಜ್ಯೂರಿಕ್‌ಗೆ ಹೋಗುವ ದೊಡ್ಡ ರೈಲು ಲಿಂಡೌ ರೊಯ್ಟಿನ್‌ನಲ್ಲಿ ನಿಲ್ಲುತ್ತದೆ, ಆಮೇಲೆ ಬ್ರೆಗೆಂಟ್ಸ್, ಆಮೇಲೆ ಸಾಂಕ್ಟ್ ಮಾರ್ಗ್ರೇಟನ್. ನಿಮ್ಮ ಹೆಂಡತಿ ಅಷ್ಟು ಹೊತ್ತು ಓಡುವ ಮೂರು ದೇಶವನ್ನು ಅದು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ.

ಜ್ಯೂರಿಕ್_ಜಯಕ್ಕ
ರೊಯ್ಟಿನ್ ನಿಲ್ದಾಣ ಇರುವುದು ದ್ವೀಪದ ಮೇಲಲ್ಲ, ಅಲ್ಲಿಂದ ಬಂದರಿಗೆ ಎರಡು ಕಿಲೋಮೀಟರ್ ಮೇಲೆ ನಡೆಯಬೇಕು. ಅಲ್ಲಿ ಗಾಡಿ ಬದಲಿಸಿ ಲಿಂಡೌ ಇನ್ಸೆಲ್‌ಗೆ ಬನ್ನಿ, ಇಳಿದರೆ ಎದುರಿಗೇ ಬಂದರು. ಹೆಂಡತಿಯವರ ಕಾಲನ್ನು 42ಕ್ಕೆ ಉಳಿಸಿ. ಬೇಕಾದರೆ ನೀವು ರೊಯ್ಟಿನ್‌ನಿಂದ ನಡೆದುಕೊಂಡು ಬನ್ನಿ, ಲಗೇಜ್ ಹಿಡಿದುಕೊಂಡು.